ಕೋವಿಯ ನಳಿಗೆ ಮತ್ತು ಉಕ್ಕಿನ ಪರೀಕ್ಷೆ

ಉಡುಪಿ ಜಿಲ್ಲೆಯಲ್ಲಿ ಜನರ ಕೈಯಲ್ಲಿರುವ ಪರವಾನಗಿಯ ಕೋವಿಗಳಲ್ಲಿ ಬಹಳಷ್ಟು ಬೆಳೆ ರಕ್ಷಣೆಗೆಂದು ಪಡೆದವು. ಕಾರ್ಕಳ, ಹೆಬ್ರಿ ಮತ್ತು ಕುಂದಾಪುರದ ಮೂಡಣ ಭಾಗಗಳಲ್ಲಿ ಪಶ್ಚಿಮ ಘಟ್ಟದ ಕಾಡು ಗದ್ದೆಯ ಅಂಚಿನವರೆಗೂ ಚಾಚಿಕೊಂಡಿರುವುದರಿಂದ, ಹಂದಿ, ಕಾಡುಕೋಣ, ಮಂಗಗಳನ್ನು ಈಡಿನ ಸದ್ದಿನಿಂದ ಬೆದರಿಸಿ ಅಟ್ಟುವುದು ಅಲ್ಲಿನ ಕೃಷಿಯ ಒಂದು ಭಾಗವೇ ಆಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಳಸುವ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಬಳಸುವ, ಕನಿಷ್ಠ 20 ಅಂಗುಲ ಉದ್ದದ ನುಣುಪು ನಳಿಗೆಯ ಕೋವಿಯನ್ನೂ ಹೆಸರಿಸಿಯೇ ಹೇಳುತ್ತದೆ. ಪರವಾನಗಿಯ ಅರ್ಜಿ ಪೊಲೀಸ್ ಠಾಣೆಯ ವಿಚಾರಣೆ ಮುಗಿಸಿ, ಬನ್ನಂಜೆಯ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ಅಭಿಪ್ರಾಯ ಪಡೆದು, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಮೇಜನ್ನು ತಲುಪುತ್ತದೆ. ಈ ಕಡತದಲ್ಲಿ ಅರ್ಜಿದಾರನ ನಡತೆ, ಜಮೀನಿನ ವಿವರ, ಕೋವಿಯ ಬಗೆ ಮತ್ತು ಅದರ ಮೇಲೆ ಕೊರೆದ ಸಂಖ್ಯೆ ಎಲ್ಲವೂ ದಾಖಲಾಗುತ್ತವೆ. ಆದರೆ ಕೆನ್ನೆಯ ಪಕ್ಕದಲ್ಲೇ ಮದ್ದು ಉರಿಯುವಾಗ ಅದನ್ನು ತಡೆದು ಹಿಡಿಯಬೇಕಾದ ಲೋಹದ ಸ್ಥಿತಿ ಹೇಗಿದೆ ಎಂಬುದನ್ನು ಅರಿಯುವ ಹೊಣೆ ಬಹುಮಟ್ಟಿಗೆ ಕೋವಿ ಇಟ್ಟುಕೊಂಡವನ ಮೇಲೆಯೇ ಉಳಿಯುತ್ತದೆ.

ಕರಾವಳಿಯಲ್ಲಿ ಬಳಕೆಯಲ್ಲಿರುವ ಕೋವಿಗಳು ಮುಖ್ಯವಾಗಿ ಎರಡು ಬಗೆಯವು. ಬಾಯಿಯ ಕಡೆಯಿಂದ ಮದ್ದನ್ನೂ ಸೀಸದ ಕಾಳುಗಳನ್ನೂ ತುಂಬಿ, ಹಿಂಬದಿಯ ಮೊಲೆಗೆ ಕೇಪು ಸಿಕ್ಕಿಸಿ ಹಾರಿಸುವ ಕೇಪಿನ ಕೋವಿ ಒಂದಾದರೆ, ಕಾರ್ಖಾನೆಯಲ್ಲಿ ತುಂಬಿದ ತೋಟೆಯನ್ನು ಹಿಂಬದಿಯಿಂದ ಸೇರಿಸಿ ಹಾರಿಸುವ ತೋಟೆ ಕೋವಿ ಇನ್ನೊಂದು. ಪರವಾನಗಿ ಪುಸ್ತಕಗಳಲ್ಲಿ ಮೊದಲನೆಯದು ಎಸ್‌ಬಿಎಂಎಲ್ ಎಂದೂ, ಎರಡನೆಯದು ಒಂಟಿ ನಳಿಗೆಯದಾದರೆ ಎಸ್‌ಬಿಬಿಎಲ್, ಜೋಡಿ ನಳಿಗೆಯದಾದರೆ ಡಿಬಿಬಿಎಲ್ ಎಂದೂ ನಮೂದಾಗಿರುತ್ತದೆ. ತೋಟೆ ಕೋವಿಗಳಲ್ಲಿ ಹೆಚ್ಚಿನವು 12 ಬೋರಿನವು. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಸೀಸವನ್ನು 12 ಸಮಾನ ಗುಂಡುಗಳಾಗಿ ಎರಕ ಹೊಯ್ದರೆ ಅಂಥ ಒಂದು ಗುಂಡು ಎಷ್ಟು ದಪ್ಪವಿರುತ್ತದೆಯೋ ಅಷ್ಟು ಒಳವ್ಯಾಸದ ನಳಿಗೆಗೆ ಆ ಹೆಸರು. ಮಿಲಿಮೀಟರಿನ ಲೆಕ್ಕದಲ್ಲಿ ಅದು ಸುಮಾರು 18.5. ಇವುಗಳಲ್ಲಿ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ತಯಾರಾದವು, ಬಿಹಾರದ ಮುಂಗೇರಿನ ಖಾಸಗಿ ಕಾರ್ಖಾನೆಗಳವು, ಇವಲ್ಲದೆ ಹಳೆಯ ಕಾಲದಲ್ಲಿ ಇಂಗ್ಲೆಂಡ್ ಮತ್ತು ಬೆಲ್ಜಿಯಂಗಳಿಂದ ಬಂದು ಅಜ್ಜನಿಂದ ಮೊಮ್ಮಗನ ಹೆಸರಿಗೆ ವರ್ಗವಾದವು ಸೇರಿವೆ. ಸಾಮಾನ್ಯ ನಾಗರಿಕನು ವಿದೇಶಿ ಕೋವಿಯನ್ನು ತರಿಸಿಕೊಳ್ಳುವುದಕ್ಕೆ 1980ರ ದಶಕದ ನಡುವಿನಿಂದ ಕಟ್ಟುನಿಟ್ಟಾದ ನಿರ್ಬಂಧವಿದ್ದು, ಮನ್ನಣೆ ಪಡೆದ ಗುರಿಕಾರರಿಗೆ ಮಾತ್ರ ವಿನಾಯಿತಿ ಇರುವ ಕಾರಣ, ಇಲ್ಲಿ ಕಾಣಸಿಗುವ ವಿದೇಶಿ ಕೋವಿ ಎಂದರೆ ಬಹುತೇಕ ಹಳೆಯದು, ಕೈಯಿಂದ ಕೈಗೆ ಬಂದದ್ದು, ಮೂಲತಃ ಅಗ್ಗದ ದರ್ಜೆಯದು. ‘ಫಾರಿನ್ ಕೋವಿ’ ಎಂಬ ಹೆಸರಿಗೆ ಸಿಗುವ ಗೌರವವನ್ನು ಈ ಮೂರು ಸಂಗತಿಗಳ ಎದುರು ಇಟ್ಟೇ ತೂಗಬೇಕು.

ಲೋಹದ ಗುಣವನ್ನು ಅಳೆಯುವ ಮೊದಲು ಆ ಲೋಹಕ್ಕೆ ಒಪ್ಪಿಸಿದ ಕೆಲಸ ಎಂಥದೆಂದು ತಿಳಿಯಬೇಕು. ಯುರೋಪಿನ ನಿಯಮಗಳ ಪ್ರಕಾರ 12 ಬೋರಿನ ಸಾಮಾನ್ಯ ತೋಟೆಯೊಂದು ಉರಿದಾಗ ಹುಟ್ಟಬಹುದಾದ ಗರಿಷ್ಠ ಒತ್ತಡ 740 ಬಾರ್. ಕಾರಿನ ಚಕ್ರದ ಗಾಳಿಯ ಒತ್ತಡ 2ರಿಂದ 2.5 ಬಾರ್ ಎಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ಹೊಳೆಯುತ್ತದೆ. ಈ ಒತ್ತಡ ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು ಸಮಯ ಇದ್ದು ಹೋಗುತ್ತದೆ, ಆದರೆ ಅಷ್ಟರಲ್ಲಿ ನಳಿಗೆಯನ್ನು ಸುತ್ತಲೂ ಹಿಗ್ಗಿಸಿ ಉದ್ದಕ್ಕೆ ಸೀಳಲು ನೋಡುತ್ತದೆ. ತೋಟೆ ಕೂರುವ ಗೂಡಿನ ಒಳವ್ಯಾಸ ಸುಮಾರು 20.6 ಮಿಲಿಮೀಟರ್ ಇದ್ದು, ಅಲ್ಲಿ ಲೋಹದ ದಪ್ಪ 4 ಮಿಲಿಮೀಟರ್ ಇದೆಯೆಂದು ಭಾವಿಸಿದರೆ, ಸರಳ ಲೆಕ್ಕಾಚಾರದಲ್ಲಿ ಲೋಹದ ಪ್ರತಿ ಚದರ ಮಿಲಿಮೀಟರಿನ ಮೇಲೆ ಸುಮಾರು 19 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತ ಬೀಳುತ್ತದೆ. ಮನೆ ಕಟ್ಟುವಾಗ ಬಳಸುವಂಥ ಸಾಧಾರಣ ಮೆದು ಉಕ್ಕು ಸುಮಾರು 25 ಕಿಲೋಗ್ರಾಂ ಎಳೆತಕ್ಕೆ ಕಾಯಂ ಆಗಿ ಹಿಗ್ಗತೊಡಗುತ್ತದೆ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿ ಸರಿಯಾಗಿ ಹದಗೊಳಿಸಿದ ಇಂದಿನ ನಳಿಗೆಯ ಉಕ್ಕು 60 ಕಿಲೋಗ್ರಾಮನ್ನೂ ದಾಟಿ ತಾಳಿಕೊಳ್ಳುತ್ತದೆ. ಅಂದರೆ ಮೆದು ಉಕ್ಕಿನ ಕೋವಿ ಮೊದಲ ಈಡಿಗೇ ಒಡೆಯುವುದಿಲ್ಲ, ಅದು ನೂರಾರು ಈಡುಗಳನ್ನು ತಾಳಿಯೂ ತಾಳೀತು. ಆದರೆ ಅದರಲ್ಲಿ ಮುಂದಿನ ತಪ್ಪಿಗೆ ಉಳಿತಾಯವಾಗಿ ಇರುವ ಬಲ ಬಹಳ ಕಡಿಮೆ. ತುಕ್ಕು ತಿಂದು ಆ ಗೋಡೆ 2.5 ಮಿಲಿಮೀಟರಿಗೆ ಇಳಿದರೆ ಎಳೆತ ಸುಮಾರು 31 ಕಿಲೋಗ್ರಾಮಿಗೆ ಏರುತ್ತದೆ, ಮೆದು ಉಕ್ಕು ಅಲ್ಲಿ ಸೋಲುತ್ತದೆ, ಒಳ್ಳೆಯ ಉಕ್ಕು ಆಗಲೂ ನಿಲ್ಲುತ್ತದೆ. ಲೋಹದ ಗುಣಮಟ್ಟಕ್ಕೆ ಕೊಡುವ ಹೆಚ್ಚುವರಿ ಬೆಲೆಯೆಲ್ಲ ಈ ಉಳಿತಾಯದ ಬಲಕ್ಕೆ ಕೊಟ್ಟ ಬೆಲೆ.

ಗಡಸಾದ ಉಕ್ಕೇ ಒಳ್ಳೆಯ ಉಕ್ಕು ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ, ಮತ್ತು ಕೋವಿಯ ವಿಷಯದಲ್ಲಿ ಅದು ಅಪಾಯಕಾರಿ. ಗಡಸುತನ ಎಂದರೆ ಮೇಲ್ಮೈ ಗೀರಿಗೂ ತಗ್ಗಿಗೂ ಒಪ್ಪದಿರುವ ಗುಣ. ತಾಳಿಕೆ ಎಂದರೆ ಪೆಟ್ಟು ಬಿದ್ದಾಗ ಸಿಡಿಯದೆ ಸ್ವಲ್ಪ ಬಾಗಿ, ಹಿಗ್ಗಿ, ಶಕ್ತಿಯನ್ನು ನುಂಗಿಕೊಳ್ಳುವ ಗುಣ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದಾಗ ಗಡಸುತನ ಏರುತ್ತದೆ, ಅದರ ಜೊತೆಗೇ ಗಾಜಿನಂತೆ ಸಿಡಿಯುವ ಪೆಡಸುತನವೂ ಬರುತ್ತದೆ. ಮತ್ತೆ ಮಿತವಾಗಿ ಕಾಯಿಸಿ ಆರಿಸಿದಾಗ ಗಡಸುತನ ಒಂದಿಷ್ಟು ಇಳಿದು ತಾಳಿಕೆ ಮರಳುತ್ತದೆ. ಕುಲುಮೆಯ ಕೆಲಸಗಾರರು ಹದ ಎಂದು ಕರೆಯುವುದು ಇದನ್ನೇ. ಹದ ತಪ್ಪಿದರೆ ಎಂಥ ಹೆಸರುವಾಸಿ ಕಾರ್ಖಾನೆಯ ಆಯುಧವೂ ನೆಚ್ಚಿಕೆಗೆ ಅರ್ಹವಲ್ಲ ಎಂಬುದಕ್ಕೆ ಅಮೆರಿಕದ ಸೇನೆಯ 1903ನೇ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ ದೊಡ್ಡ ಉದಾಹರಣೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಈ ರೈಫಲ್ಲುಗಳಲ್ಲಿ ಕೆಲವು ಚೂರುಚೂರಾಗಿ ಸಿಡಿದವು. ತನಿಖೆ ನಡೆಸಿದಾಗ, ಬಡಿಯುವ ಮೊದಲು ಉಕ್ಕು ಸರಿಯಾಗಿ ಕಾದಿದೆಯೇ ಎಂಬುದನ್ನು ಅನುಭವಿ ಕೆಲಸಗಾರರು ಅದರ ಬಣ್ಣ ನೋಡಿ ತೀರ್ಮಾನಿಸುತ್ತಿದ್ದರೆಂದೂ, ಬಿಸಿಲು ಪ್ರಖರವಾಗಿದ್ದ ದಿನ ಅದೇ ಬಣ್ಣ ಮಂಕಾಗಿ ಕಂಡು ಉಕ್ಕನ್ನು ಅತಿಯಾಗಿ ಕಾಯಿಸುತ್ತಿದ್ದರೆಂದೂ, ಉಷ್ಣಮಾಪಕ ಇಟ್ಟು ನೋಡಿದರೆ ವ್ಯತ್ಯಾಸ 300 ಡಿಗ್ರಿ ಫ್ಯಾರನ್‌ಹೀಟಿನವರೆಗೂ ಇತ್ತೆಂದೂ ಗೊತ್ತಾಯಿತು. ಅಲ್ಲಿಂದ ಮುಂದೆ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಸುಮಾರು 8 ಲಕ್ಷದ ಸಂಖ್ಯೆಯ ನಂತರದ ರೈಫಲ್ಲುಗಳಿಗೆ ಹದಗೊಳಿಸುವ ವಿಧಾನವನ್ನೇ ಬದಲಾಯಿಸಲಾಯಿತು. ಕೆಲಸಗಾರರ ಕೌಶಲದಲ್ಲಿ ಕೊರತೆ ಇರಲಿಲ್ಲ, ಉಕ್ಕು ಕೂಡ ಕೆಟ್ಟದ್ದಾಗಿರಲಿಲ್ಲ. ಅಳತೆಯ ಜಾಗದಲ್ಲಿ ಕಣ್ಣಂದಾಜು ಇತ್ತು, ಅಷ್ಟೆ.

ಹೊರದೇಶದ ಬಂದೂಕನ್ನು ಪರೀಕ್ಷೆಗೆ ಒಡ್ಡಿ ನೋಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. 1780ರ ದಶಕದ ನಡುವೆ ಫ್ರೆಂಚರು ಟಿಪ್ಪು ಸುಲ್ತಾನನಿಗೆ ಒದಗಿಸಿದ ಬಂದೂಕುಗಳು ಅವನಿಗೆ ಹಿಡಿಸಲಿಲ್ಲವೆಂದೂ, ತನ್ನ ರಾಜ್ಯದ ಕಾರ್ಖಾನೆಗಳಲ್ಲಿ ತಯಾರಾದವನ್ನೇ ಅವನು ಮೇಲೆಂದು ಎಣಿಸಿದನೆಂದೂ ಪಾಂಡಿಚೇರಿಯ ಫ್ರೆಂಚ್ ಗವರ್ನರನಾಗಿದ್ದ ಕೊಸಿನ್ಯಿಯ ಪತ್ರಗಳಿಂದ ತಿಳಿದುಬರುತ್ತದೆ. ಮೈಸೂರಿನ ಈ ಆತ್ಮವಿಶ್ವಾಸಕ್ಕೆ ಆಧಾರವಿತ್ತು. ಮಧುಗಿರಿ, ಮಾಗಡಿ ಮೊದಲಾದ ಕಡೆಗಳಲ್ಲಿ ಅದಿರನ್ನು ಇದ್ದಿಲಿನೊಂದಿಗೆ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನೂ, ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದುದನ್ನೂ 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ಬರೆದಿಟ್ಟಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಸಯ್ಯದ್ ಮಾಸೂಮನಂಥ ಕುಶಲಿಗಳು ತಯಾರಿಸಿದ ಬಂದೂಕುಗಳು ಇಂದೂ ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಟಿಪ್ಪು ಇದರಲ್ಲಿ ತೃಪ್ತನಾಗಿ ಕೂರಲಿಲ್ಲ ಎಂಬುದೂ ಗಮನಿಸಬೇಕಾದ ಮಾತು: 1788ರಲ್ಲಿ 16ನೇ ಲೂಯಿಯ ಬಳಿಗೆ ಹೋದ ಅವನ ರಾಯಭಾರಿಗಳು ಕೇಳಿದವುಗಳಲ್ಲಿ ಬಂದೂಕು, ಫಿರಂಗಿ ತಯಾರಿಸಬಲ್ಲ ಕುಶಲಕರ್ಮಿಗಳೂ ಸೇರಿದ್ದರು. ಸಿದ್ಧ ಸರಕಿಗಿಂತ ಅದನ್ನು ಮಾಡುವ ವಿದ್ಯೆಯ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಉಡುಪಿಗೆ ಇನ್ನೂ ಹತ್ತಿರದ ಸಾಕ್ಷಿ ಹೊಸಂಗಡಿಯ ಘಟ್ಟ ಏರಿದರೆ ಸಿಗುವ ನಗರ, ಅಂದರೆ ಹಳೆಯ ಬಿದನೂರು. ಕೆಳದಿ ಅರಸರ ಈ ರಾಜಧಾನಿ 1763ರಲ್ಲಿ ಹೈದರಾಲಿಯ ವಶವಾದಾಗ ಅದರೊಂದಿಗೆ ಕರಾವಳಿಯ ದೊಡ್ಡ ಭಾಗವೂ ಮೈಸೂರಿನ ಆಳ್ವಿಕೆಗೆ ಬಂತು. ಹೊಸನಗರ ತಾಲ್ಲೂಕಿನ ಈ ಊರಿನ ಒಂದು ಹಳೆಯ ಬಾವಿಯಲ್ಲಿ 2002ರಲ್ಲಿ ಮೊದಲ ಬಾರಿಗೆ, ಬಳಿಕ 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಸಾವಿರಕ್ಕೂ ಮಿಕ್ಕಿ, ಟಿಪ್ಪುವಿನ ಕಾಲದ ಕಬ್ಬಿಣದ ರಾಕೆಟ್ ಕೊಳವೆಗಳು ದೊರೆತವು. ಮೈಸೂರಿನ ರಾಕೆಟ್ಟುಗಳು ತಮ್ಮ ಕಾಲದ ಯುರೋಪಿನ ರಾಕೆಟ್ಟುಗಳನ್ನು ಮೀರಿಸಿದ್ದು ಮದ್ದಿನ ಯಾವುದೋ ಗುಟ್ಟಿನಿಂದಲ್ಲ. ಕಾಗದ ಮತ್ತು ಮರದ ಕೊಳವೆಯ ಬದಲು ಮೆದುಕಬ್ಬಿಣದ ತಗಡಿನ ಕೊಳವೆ ಬಳಸಿದ್ದರಿಂದ ಒಳಗಿನ ಒತ್ತಡವನ್ನು ಹೆಚ್ಚಿಸಲು ಸಾಧ್ಯವಾಯಿತು, ಒತ್ತಡ ಹೆಚ್ಚಿದಂತೆ ಅವು ಹೋಗುವ ದೂರವೂ ಹೆಚ್ಚಿತು. ಮದ್ದಿನ ಶಕ್ತಿಯನ್ನು ಲೋಹ ಎಷ್ಟು ತಾಳುತ್ತದೆ ಎಂಬುದೇ ಆಯುಧದ ಮಿತಿಯನ್ನು ಗೊತ್ತು ಮಾಡುತ್ತದೆ ಎಂಬ ತತ್ತ್ವ ಆ ಬಾವಿಯಿಂದ ಮೇಲೆತ್ತಿದ ತುಕ್ಕು ಹಿಡಿದ ಕೊಳವೆಗಳಲ್ಲಿ ಕೈಗೆ ಸಿಗುವಂತಿದೆ.

ಯುರೋಪಿನಲ್ಲಿ ಈ ತತ್ತ್ವ ಕಾನೂನಿನ ರೂಪ ತಾಳಿತು. ಹೊಸ ನಳಿಗೆಯನ್ನು ಮಾರುವ ಮುನ್ನ, ಮಾಮೂಲಿಗಿಂತ ಹೆಚ್ಚು ಒತ್ತಡ ಹುಟ್ಟಿಸುವ ಈಡನ್ನು ತುಂಬಿ, ಯಾರೂ ಹತ್ತಿರ ಇಲ್ಲದಂತೆ ದೂರದಿಂದ ಹಾರಿಸಿ, ನಂತರ ನಳಿಗೆ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಅಳೆದು ನೋಡಿ, ತಾಳಿಕೊಂಡದ್ದಕ್ಕೆ ಮಾತ್ರ ಮುದ್ರೆ ಒತ್ತುವುದು ಈ ಪದ್ಧತಿಯ ಸಾರ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಶಾಸನ ದೊರೆಯಿತು, ಬೆಲ್ಜಿಯಂನ ಲಿಯೇಜ್ ನಗರದಲ್ಲಿ 1672ರಲ್ಲಿ ನಳಿಗೆ ಪರೀಕ್ಷೆಯ ಆಜ್ಞೆ ಹೊರಟಿತು, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾಯಿತು, ಮತ್ತು ಬೇರೆ ಬೇರೆ ದೇಶಗಳ ಪರೀಕ್ಷೆಗಳನ್ನು ಒಂದೇ ಅಳತೆಗೆ ತರಲು 1914ರಲ್ಲಿ ಅಂತರರಾಷ್ಟ್ರೀಯ ಆಯೋಗವೊಂದು ರೂಪುಗೊಂಡಿತು. ಇಂದಿನ ನಿಯಮಗಳಲ್ಲಿ ಪರೀಕ್ಷೆಯ ಈಡಿನ ಒತ್ತಡ ಸಾಮಾನ್ಯ ಗರಿಷ್ಠಕ್ಕಿಂತ ಕಾಲು ಪಾಲು ಅಥವಾ ಅದಕ್ಕೂ ತುಸು ಹೆಚ್ಚು ಇರುತ್ತದೆ. ಹಳೆಯ ಬೆಲ್ಜಿಯಂ ಕೋವಿಯ ನಳಿಗೆಯ ಅಡಿಭಾಗದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಇ, ಎಲ್, ಜಿ ಎಂಬ ರೋಮನ್ ಅಕ್ಷರಗಳಿದ್ದರೆ ಅದು ಲಿಯೇಜಿನ ಮುದ್ರೆ. ಆ ಚೌಕಟ್ಟಿನ ಮೇಲೆ ಕಿರೀಟವೂ ಇದ್ದರೆ ಕೋವಿ 1893ರ ನಂತರ ಪರೀಕ್ಷೆಗೊಂಡದ್ದು. ಕಿರೀಟದ ಕೆಳಗೆ ಬಿ, ಪಿ ಎಂದಿದ್ದರೆ ಬರ್ಮಿಂಗ್‌ಹ್ಯಾಮ್, ಜಿ, ಪಿ ಎಂದು ಹೆಣೆದಿದ್ದರೆ ಲಂಡನ್.

ಈ ಮುದ್ರೆಗಳನ್ನು ಓದಲು ಬಲ್ಲವನಿಗೆ ಹೆಸರಿನ ಮೋಸ ತಟ್ಟುವುದಿಲ್ಲ. 19ನೇ ಶತಮಾನದ ಕೊನೆಯ ವೇಳೆಗೆ ಲಿಯೇಜಿನ ಕಾರ್ಯಾಗಾರಗಳು ಜಗತ್ತಿನ ಮೂಲೆಮೂಲೆಗೆ ಅಗ್ಗದ ಕೋವಿಗಳನ್ನು ಕಳುಹಿಸುತ್ತಿದ್ದವು, ಮತ್ತು ಅವುಗಳಲ್ಲಿ ಕೆಲವಕ್ಕೆ ಪ್ರಸಿದ್ಧ ಇಂಗ್ಲಿಷ್ ತಯಾರಕರ ಹೆಸರನ್ನು ಹೋಲುವ ಹೆಸರನ್ನು ಕೊರೆಯಲಾಗುತ್ತಿತ್ತು. ವೆಸ್ಟ್ಲಿ ರಿಚರ್ಡ್ಸ್ ಎಂಬ ಹೆಸರಾಂತ ಸಂಸ್ಥೆಯನ್ನು ನೆನಪಿಸುವ ‘ಡಬ್ಲ್ಯು. ರಿಚರ್ಡ್ಸ್’ ಅಂಥದೊಂದು. ಮೇಲೆ ಇಂಗ್ಲಿಷ್ ಹೆಸರಿದ್ದು ಅಡಿಯಲ್ಲಿ ಲಿಯೇಜಿನ ಮುದ್ರೆ ಇದ್ದರೆ ಹುಟ್ಟೂರಿನ ಬಗ್ಗೆ ಸಂಶಯ ಉಳಿಯುವುದಿಲ್ಲ. ಹಾಗೆಂದು ಅಂಥ ಕೋವಿ ಕೆಟ್ಟದ್ದೆಂದು ತೀರ್ಮಾನಿಸುವುದೂ ಆತುರವಾದೀತು, ಏಕೆಂದರೆ ಹೆಸರಿನಲ್ಲಿ ಅಡ್ಡದಾರಿ ಹಿಡಿದವನೂ ನಳಿಗೆಯನ್ನು ಪರೀಕ್ಷಾಲಯಕ್ಕೆ ಒಪ್ಪಿಸಲೇಬೇಕಾಗಿತ್ತು. ಅಲಂಕಾರ, ಕೆತ್ತನೆ, ಕೂಡುವಿಕೆಗಳ ನಾಜೂಕಿನಲ್ಲಿ ಹಿಂದೆ ಬಿದ್ದ ಅಗ್ಗದ ಕೋವಿ ಒತ್ತಡದ ಪರೀಕ್ಷೆಯನ್ನು ಗೆದ್ದಿದ್ದರೆ, ಯಾವ ಮುದ್ರೆಯೂ ಇಲ್ಲದ ಚೆಲುವಾದ ಕೋವಿಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹ. ಅಗ್ಗವೆಂಬುದು ದೋಷವಲ್ಲ, ಪರೀಕ್ಷೆಯಾಗದಿರುವುದು ದೋಷ. ಕೋವಿಯ ಲೋಹದ ಬಗ್ಗೆ ಕರಾವಳಿಯ ರೈತ ತಿಳಿಯಬೇಕಾದ ಮುಖ್ಯ ಸಂಗತಿ ಇದು.

ಹಳೆಯ ವಿದೇಶಿ ಕೋವಿಗಳ ಮೇಲೆ ಕಾಣುವ ಅಲೆಅಲೆಯಾದ ಚಿತ್ತಾರಕ್ಕೆ ಇಲ್ಲೊಂದು ಮಾತು ಸಲ್ಲಬೇಕು. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಹುರಿ ಮಾಡಿ, ಆ ಹುರಿಯನ್ನು ಕಂಬಿಯೊಂದರ ಸುತ್ತ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದು ಮಾಡಿದ ನಳಿಗೆಗೆ ದಮಾಸ್ಕಸ್ ನಳಿಗೆ ಎಂಬ ಹೆಸರು ಬಂದಿದೆ. ಚಿತ್ತಾರ ಹುಟ್ಟುವುದು ಎರಡು ಲೋಹಗಳ ಬಣ್ಣದ ಅಂತರದಿಂದ. ಚೆನ್ನಾಗಿ ಮಾಡಿದ ಇಂಥ ನಳಿಗೆ ಗಟ್ಟಿಯಾದದ್ದೇ, ಆದರೆ ಅದರ ಉದ್ದಕ್ಕೂ ಸುತ್ತಿ ಹೋಗುವ ಬೆಸುಗೆಯ ಗೆರೆಯಲ್ಲಿ ಎಲ್ಲಿಯಾದರೂ ಕಿಟ್ಟದ ಕಣ ಸಿಕ್ಕಿಕೊಂಡಿದ್ದರೆ ದಶಕಗಳ ನಂತರ ತೇವ ಅಲ್ಲಿಂದಲೇ ಒಳನುಗ್ಗುತ್ತದೆ. ಸಾಧಾರಣ ಕಬ್ಬಿಣದ ಮೇಲೆ ತೆಳುವಾದ ಚಿತ್ತಾರದ ಪದರ ಹೊದಿಸಿ ಕಣ್ಣು ಕಟ್ಟುವ ಅಗ್ಗದ ನಳಿಗೆಗಳೂ ಇದ್ದವು. ಅಂಥ ಸರಕಿನ ವಿರುದ್ಧ ಇಂಗ್ಲೆಂಡಿನ ಕೋವಿ ತಯಾರಕ ವಿಲಿಯಂ ಗ್ರೀನರ್ 1835ರಲ್ಲೇ ತನ್ನ ‘ದಿ ಗನ್’ ಎಂಬ ಪುಸ್ತಕದಲ್ಲಿ ಕಟುವಾಗಿ ಬರೆದಿದ್ದ. ಇವುಗಳಲ್ಲಿ ಬಹುತೇಕ ನಳಿಗೆಗಳು ಹೊಗೆ ಕಾರುವ ಕರಿಮದ್ದಿಗೆ ಮಾತ್ರ ಪರೀಕ್ಷೆಗೊಂಡವು, ಇಂದಿನ ಹೊಗೆರಹಿತ ಮದ್ದಿನ ತೋಟೆಗೆ ಅಲ್ಲ. ಚಿತ್ತಾರದ ನಳಿಗೆಯ ಕೋವಿ ಗೋಡೆಯ ಮೇಲೆ ಇರುವುದೇ ಕ್ಷೇಮ.

ಬೆಸುಗೆಯ ದೋಷ ಎಷ್ಟು ಬೆಲೆ ತೆರಿಸಬಲ್ಲದು ಎಂಬುದನ್ನು 1844ರ ಫೆಬ್ರುವರಿ 28ರಂದು ಅಮೆರಿಕ ಕಂಡಿತು. ಪ್ರಿನ್ಸ್‌ಟನ್ ಎಂಬ ಹೊಸ ಯುದ್ಧನೌಕೆಯ ಮೇಲೆ ಎರಡು ಭಾರಿ ಫಿರಂಗಿಗಳಿದ್ದವು: ಒಂದು ಇಂಗ್ಲೆಂಡಿನಿಂದ ತರಿಸಿದ್ದು, ಬಿರುಕು ಕಂಡ ನಂತರ ಹೊರಬಳೆಗಳನ್ನು ತೊಡಿಸಿ ಬಲಪಡಿಸಿದ್ದು, ಇನ್ನೊಂದು ಅದನ್ನು ನೋಡಿ ನ್ಯೂಯಾರ್ಕಿನಲ್ಲಿ ಇನ್ನೂ ದಪ್ಪವಾಗಿ ಮಾಡಿದ್ದು. ಗಣ್ಯರ ಎದುರು ಪ್ರದರ್ಶನ ನಡೆದಾಗ ಸಿಡಿದದ್ದು ಆ ದಪ್ಪನೆಯದು, ವಿದೇಶಾಂಗ ಕಾರ್ಯದರ್ಶಿ ಮತ್ತು ನೌಕಾ ಕಾರ್ಯದರ್ಶಿಗಳೂ ಸೇರಿ ಆರು ಮಂದಿ ಸತ್ತರು. ಒಳಗೆ ಬೆಸುಗೆ ಸರಿಯಾಗಿ ಕೂಡದ ಲೋಹದಲ್ಲಿ ದಪ್ಪಕ್ಕೆ ಅರ್ಥವಿರಲಿಲ್ಲ.

ಇಂದಿನ ಅಗ್ಗದ ಆಮದು ಕೋವಿಗಳ ಪ್ರಶ್ನೆ ಭಾರತಕ್ಕಿಂತ ಅಮೆರಿಕ ಮತ್ತು ಯುರೋಪುಗಳಲ್ಲಿ ಜೀವಂತವಾಗಿದೆ. ಟರ್ಕಿಯ ಕೊನ್ಯಾ ಪ್ರಾಂತ್ಯದ ಹುಗ್ಲು ಮತ್ತು ಉಝುಮ್ಲು ಎಂಬ ಊರುಗಳಿಂದ ಹೋಗುವ ಕೋವಿಗಳು ಅಲ್ಲಿನ ಕಡಿಮೆ ಬೆಲೆಯ ಮಾರುಕಟ್ಟೆಯಲ್ಲಿ ದೊಡ್ಡ ಪಾಲು ಪಡೆದಿವೆ. ಇವುಗಳಲ್ಲಿ ನಳಿಗೆ ಉಕ್ಕಿನದಾದರೂ ಅದನ್ನು ಹಿಡಿದಿಡುವ ನಡುಭಾಗ ಅನೇಕ ವೇಳೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಎಂದೊಡನೆ ಹಗುರವಾಗಿ ಕಾಣುವ ಅಗತ್ಯವಿಲ್ಲ, ಏಕೆಂದರೆ ಸತು ಬೆರೆಸಿ ಬಡಿದು ಹದಗೊಳಿಸಿದ ಅಲ್ಯೂಮಿನಿಯಂ ವಿಮಾನಗಳಿಗೂ ಸಲ್ಲುತ್ತದೆ. ಒತ್ತಡವನ್ನು ಹೊರುವ ಬೀಗ ಉಕ್ಕಿನಿಂದ ಉಕ್ಕಿಗೇ ಸಿಕ್ಕುವಂತಿದ್ದರೆ ನಡುಭಾಗಕ್ಕೆ ಅಷ್ಟು ಸಾಕು. ಅದೇ ಭಾಗವನ್ನು ಸತುವಿನ ಅಗ್ಗದ ಎರಕದಿಂದ ಮಾಡಿದರೆ ಕಥೆ ಬೇರೆ. ಅಮೆರಿಕದಲ್ಲಿ 1968ರ ಬಂದೂಕು ನಿಯಂತ್ರಣ ಕಾಯ್ದೆ ಅಗ್ಗದ ವಿದೇಶಿ ಕೈಬಂದೂಕುಗಳ ಆಮದನ್ನು ತಡೆದ ನಂತರ, ಅಲ್ಲಿನ ತಯಾರಕರೇ ಸತುವಿನ ಮಿಶ್ರಲೋಹದಲ್ಲಿ ಅಂಥವನ್ನು ಎರಕ ಹೊಯ್ಯತೊಡಗಿದರು. ಇದನ್ನು ತಡೆಯಲು ಇಲಿನಾಯ್ಸ್, ದಕ್ಷಿಣ ಕೆರೊಲಿನಾ ಮೊದಲಾದ ರಾಜ್ಯಗಳು ವಿಶಿಷ್ಟವಾದ ಅಳತೆಗೋಲನ್ನು ಕಾನೂನಿನಲ್ಲಿ ಬರೆದವು: 800 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 427 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗುವ ಎರಕದ ಲೋಹದಿಂದ ಮಾಡಿದ ಕೈಬಂದೂಕನ್ನು ಅಲ್ಲಿ ಮಾರುವಂತಿಲ್ಲ. ಸತುವಿನ ಆ ಮಿಶ್ರಲೋಹ ಕರಗುವುದು 380ರಿಂದ 390 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ, ಉಕ್ಕು ಕರಗುವುದು 1,400 ಡಿಗ್ರಿಯ ಮೇಲೆ. ಬಲವನ್ನು ನೇರವಾಗಿ ಅಳೆಯದೆ ಕರಗುವ ಬಿಂದುವಿನಿಂದ ಲೋಹವನ್ನು ಗುರುತಿಸುವ ಈ ಉಪಾಯ ಒರಟಾದರೂ, ಯಾವ ಅಂಗಡಿಕಾರನ ಮಾತಿಗೂ ಬಗ್ಗದಂಥದ್ದು.

ಊರ ಕಡೆ ರೂಢಿಯಲ್ಲಿರುವ ಪರೀಕ್ಷೆಗಳಲ್ಲಿ ಕೆಲವಕ್ಕೆ ನೆಲೆಯಿದೆ, ಕೆಲವಕ್ಕಿಲ್ಲ. ಅರ ಹಾಕಿ ಉಜ್ಜಿ ಗಡಸುತನ ನೋಡುವುದು ಅಷ್ಟೇನೂ ಪ್ರಯೋಜನವಿಲ್ಲದ ಕ್ರಮ, ಏಕೆಂದರೆ ಕುದುರೆ, ಬೀಗದಂಥ ಬಿಡಿಭಾಗಗಳ ಚರ್ಮವನ್ನು ಮಾತ್ರ ಗಡಸು ಮಾಡಿ ಒಳಗನ್ನು ಮೆತ್ತಗೆ ಬಿಡುವುದು ಒಳ್ಳೆಯ ತಯಾರಿಕೆಯ ಲಕ್ಷಣವೇ ಆಗಿದ್ದು, ನಳಿಗೆಗಾದರೋ ಅತಿಯಾದ ಗಡಸುತನ ಬೇಡವೇ ಬೇಡ. ತೂಕ ಹೆಚ್ಚಿದ್ದರೆ ಲೋಹ ಒಳ್ಳೆಯದೆಂಬುದೂ ಹಾಗೆಯೇ. ಬಲ ಕಡಿಮೆಯಾದ ಉಕ್ಕನ್ನೇ ದಪ್ಪವಾಗಿ ಬಳಸುವುದರಿಂದ ಅಗ್ಗದ ಕೋವಿ ಭಾರವಾಗುತ್ತದೆ. ಜೋಡಿ ನಳಿಗೆಯನ್ನು ದಾರದಿಂದ ತೂಗುಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವ ಪದ್ಧತಿಗೆ ಮಾತ್ರ ಅರ್ಥವಿದೆ: ನಾದ ಸ್ಪಷ್ಟವಾಗಿ ಎಳೆದರೆ ಎರಡು ನಳಿಗೆಗಳನ್ನು ಕೂಡಿಸಿದ ಬೆಸುಗೆ ಗಟ್ಟಿಯಾಗಿದೆ, ಒಡಕು ಸದ್ದು ಬಂದರೆ ಎಲ್ಲೋ ಬಿಟ್ಟುಕೊಂಡಿದೆ. ಆದರೆ ಇದು ಬೆಸುಗೆಯ ಸುದ್ದಿ, ಉಕ್ಕಿನ ಸುದ್ದಿಯಲ್ಲ.

ಕಣ್ಣಿಗೆ ದಕ್ಕುವ ನಿಜವಾದ ಸಾಕ್ಷಿ ನಳಿಗೆಯ ಒಳಗಿದೆ. ಕೋವಿ ಖಾಲಿಯಾಗಿದೆ ಎಂದು ಎರಡು ಬಾರಿ ಖಚಿತಪಡಿಸಿಕೊಂಡು, ತೋಟೆ ಕೋವಿಯ ನಳಿಗೆಯನ್ನು ಕಳಚಿ, ಬೆಳಕಿನ ಕಡೆ ಹಿಡಿದು ಒಳಗೆ ನೋಡಿದರೆ ಬೆಳಕು ಸಮಕೇಂದ್ರದ ಉಂಗುರಗಳಾಗಿ ಕಾಣಬೇಕು. ಉಂಗುರ ಒಂದು ಕಡೆಗೆ ಎಳೆದಂತೆ ಕಂಡರೆ ನಳಿಗೆ ಬಾಗಿದೆ. ನಡುವೆ ಕರಿಯ ಬಳೆಯಂಥ ನೆರಳು ಬಿದ್ದರೆ ಅಲ್ಲಿ ಲೋಹ ಒಮ್ಮೆ ತನ್ನ ಮಿತಿ ಮೀರಿ ಹಿಗ್ಗಿ ಉಬ್ಬಿದೆ, ಅಂಥ ಕೋವಿಯನ್ನು ಮತ್ತೆ ಹಾರಿಸಲೇಬಾರದು. ಗೂಡಿನ ಹತ್ತಿರ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳಿದ್ದರೆ ಅವು ತುಕ್ಕು ತೋಡಿದ ಹೊಂಡಗಳು, ಮತ್ತು ಒತ್ತಡ ಅತಿ ಹೆಚ್ಚಿರುವುದು ಅಲ್ಲೇ. ಹೊರಮೈಗೆ ಹೊಸದಾಗಿ ಕರಿನೀಲಿ ಹೊಳಪು ಕೊಟ್ಟಿದ್ದರೆ ಅಕ್ಷರಗಳ ಅಂಚನ್ನೂ ಪರೀಕ್ಷೆಯ ಮುದ್ರೆಯನ್ನೂ ಗಮನಿಸಬೇಕು. ಅಂಚು ಮೊಂಡಾಗಿ, ಮುದ್ರೆ ಅಳಿಸಿದಂತಿದ್ದರೆ ಹೊಂಡಗಳನ್ನು ಮುಚ್ಚಲು ಮೈಯನ್ನು ಉಜ್ಜಿ ತೆಳುವಾಗಿಸಲಾಗಿದೆ ಎಂದರ್ಥ. ಬ್ರಿಟನ್ನಿನ ಪರೀಕ್ಷಾಲಯಗಳು ಇದಕ್ಕೆ ಖಚಿತವಾದ ಗಡಿ ಹಾಕಿಕೊಟ್ಟಿವೆ: ಪರೀಕ್ಷೆಯ ದಿನ ನಮೂದಾದ ಒಳವ್ಯಾಸಕ್ಕಿಂತ ಅಂಗುಲದ ಸಾವಿರದಲ್ಲಿ 10 ಪಾಲು, ಎಂದರೆ ಕಾಲು ಮಿಲಿಮೀಟರಿನಷ್ಟು ಅಗಲವಾದ ನಳಿಗೆಯ ಹಳೆಯ ಮುದ್ರೆ ಅಲ್ಲಿಗೆ ರದ್ದಾಗುತ್ತದೆ, ಮತ್ತೆ ಪರೀಕ್ಷೆ ಗೆಲ್ಲದೆ ಅದನ್ನು ಮಾರುವಂತಿಲ್ಲ.

ಕರಾವಳಿಯಲ್ಲಿ ಈ ಕಾಲು ಮಿಲಿಮೀಟರು ಬೇಗ ಕರಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಉಡುಪಿಯಲ್ಲಿ ತೇವಕ್ಕೆ ಕೊರತೆಯಿಲ್ಲ, ಸಾಲದ್ದಕ್ಕೆ ಕಡಲಿನಿಂದ ಬರುವ ಗಾಳಿಯಲ್ಲಿ ಉಪ್ಪಿನ ಸೂಕ್ಷ್ಮ ಕಣಗಳಿರುತ್ತವೆ. ಉಪ್ಪಿನ ಕ್ಲೋರೈಡ್ ಉಕ್ಕಿನ ಮೇಲಿನ ರಕ್ಷಣೆಯ ಪದರವನ್ನು ಅಲ್ಲಲ್ಲಿ ಚುಚ್ಚಿ, ಸಮನಾಗಿ ಹರಡುವ ಬದಲು ಒಂದೇ ಬಿಂದುವಿನಲ್ಲಿ ಆಳಕ್ಕೆ ಕೊರೆಯುತ್ತದೆ; ಸ್ಟೇನ್‌ಲೆಸ್ ಉಕ್ಕು ಕೂಡ ಇದರಿಂದ ಪೂರ್ತಿ ಪಾರಾಗಲಾರದು. ಕಡಲಿನಿಂದ ದೂರ ಸರಿದಂತೆ ಗಾಳಿಯ ಉಪ್ಪು ತೀವ್ರವಾಗಿ ಇಳಿಯುವುದರಿಂದ, ಕಾಪುವಿನ ತೀರದ ಮನೆಯಲ್ಲಿಟ್ಟ ಕೋವಿಗೂ ಕಾರ್ಕಳದ ಮನೆಯಲ್ಲಿಟ್ಟ ಅದೇ ಬಗೆಯ ಕೋವಿಗೂ ಆಯುಸ್ಸು ಒಂದೇ ಆಗಿರುವುದಿಲ್ಲ. ಕೇಪಿನ ಕೋವಿಗೆ ಇನ್ನೊಂದು ಶತ್ರು ಒಳಗೇ ಇದೆ: ಕರಿಮದ್ದು ಉರಿದು ಉಳಿಯುವ ಮಸಿಯಲ್ಲಿನ ಲವಣಗಳು ಗಾಳಿಯ ತೇವವನ್ನು ಹೀರಿಕೊಂಡು ನಳಿಗೆಯನ್ನು ಒಳಗಿನಿಂದ ತಿನ್ನುತ್ತವೆ. ಲವಣ ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಮಸಿಯ ಮೇಲೆ ಎಣ್ಣೆ ಸವರಿದರೆ ಸಾಲದು. ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಮಳೆಗಾಲ ಮುಗಿದು ಬರುವ ನವರಾತ್ರಿಯ ಆಯುಧ ಪೂಜೆ ಈ ಕೆಲಸಕ್ಕೆ ಸರಿಯಾದ ಹೊತ್ತಿಗೆ ಒದಗುತ್ತದೆ. ಕುಂಕುಮ ಹಚ್ಚುವ ಮೊದಲು ನಳಿಗೆಯ ಒಳಗೊಮ್ಮೆ ದೀಪ ಹಿಡಿದು ನೋಡಿದರೆ ಪೂಜೆಗೆ ಕುಂದೇನೂ ಬಾರದು.

ಲೋಹವನ್ನು ಕತ್ತರಿಸದೆ, ಹಾಳುಗೆಡವದೆ ಪರೀಕ್ಷಿಸುವ ಆಧುನಿಕ ವಿಧಾನಗಳು ಅನೇಕ. ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂಬುದರಿಂದ ಗಡಸುತನ ಹೇಳುವ ರಾಕ್‌ವೆಲ್ ವಿಧಾನಕ್ಕೆ 1919ರಲ್ಲಿ ಹಕ್ಕುಪತ್ರ ದೊರೆತಿತ್ತು. ಉಕ್ಕನ್ನು ಕಾಂತೀಯಗೊಳಿಸಿ ಮೇಲೆ ಕಬ್ಬಿಣದ ನುಣ್ಣನೆ ಪುಡಿ ಚೆಲ್ಲಿದರೆ, ಕಣ್ಣಿಗೆ ಕಾಣದ ಬಿರುಕಿನ ಗುಂಟ ಪುಡಿ ಸಾಲುಗಟ್ಟಿ ನಿಲ್ಲುತ್ತದೆ. ಶ್ರವಣಾತೀತ ಶಬ್ದದ ಅಲೆಗಳಿಂದ ಗೋಡೆಯ ದಪ್ಪವನ್ನು ಮಿಲಿಮೀಟರಿನ ನೂರನೇ ಒಂದು ಪಾಲಿನವರೆಗೆ ಅಳೆಯಬಹುದು. ಲೋಹಶಾಸ್ತ್ರವನ್ನು ಪ್ರತ್ಯೇಕ ವಿಭಾಗವಾಗಿ ಕಲಿಸುವ ಸುರತ್ಕಲ್ಲಿನ ಎನ್‌ಐಟಿಕೆ ಉಡುಪಿಗೆ ದೂರವೇನಲ್ಲ. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಕೋವಿಯ ಮಾರಾಟ, ದುರಸ್ತಿ ಮತ್ತು ಪರೀಕ್ಷೆಗಳನ್ನು ಅದಕ್ಕೆಂದೇ ಪರವಾನಗಿ ಪಡೆದವರು ಮಾತ್ರ ಕೈಗೊಳ್ಳಬಹುದಾದ್ದರಿಂದ, ರೈತ ತನ್ನ ಕೋವಿಯನ್ನು ಒಯ್ಯಬೇಕಾದದ್ದು ಪರವಾನಗಿಯುಳ್ಳ ಕೋವಿ ವ್ಯಾಪಾರಿಯ ಅಥವಾ ದುರಸ್ತಿಗಾರನ ಬಳಿಗೇ. ಅಂಥವರಲ್ಲಿ ನಳಿಗೆಯ ಒಳವ್ಯಾಸ ಅಳೆಯುವ ಸಲಕರಣೆ ಇದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು.

ಉಕ್ಕು ಎಷ್ಟೇ ಒಳ್ಳೆಯದಾದರೂ ತೋಟೆ ತಪ್ಪಿದರೆ ಉಪಯೋಗವಿಲ್ಲ. ಹಳೆಯ ವಿದೇಶಿ ಕೋವಿಗಳಲ್ಲಿ ಅನೇಕವುಗಳ ಗೂಡಿನ ಉದ್ದ 65 ಮಿಲಿಮೀಟರ್, ಇಂದು ಸಾಮಾನ್ಯವಾಗಿ ದೊರೆಯುವ ತೋಟೆಯ ಉದ್ದ 70 ಮಿಲಿಮೀಟರ್. ತೋಟೆಯ ಉದ್ದವನ್ನು ಹೇಳುವುದು ಬಾಯಿ ಬಿಚ್ಚಿಕೊಂಡ ಮೇಲಿನ ಅಳತೆಯಿಂದಾದ್ದರಿಂದ, ಹಾರಿಸುವ ಮೊದಲು ಅದು ಚಿಕ್ಕ ಗೂಡಿನಲ್ಲೂ ಸರಾಗವಾಗಿ ಕೂತುಬಿಡುತ್ತದೆ, ಮತ್ತು ಈ ಸರಾಗವೇ ಮೋಸ. ಮದ್ದು ಹೊತ್ತಿದಾಗ ಬಾಯಿ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒತ್ತಡ ಒಮ್ಮೆಗೇ ಏರುತ್ತದೆ, ನಳಿಗೆಗೆ ಅದನ್ನು ತಾಳುವ ಹೆಚ್ಚುವರಿ ಬಲವಿಲ್ಲದಿದ್ದರೆ ಅನಾಹುತವಾಗುತ್ತದೆ. ಗೂಡಿನ ಉದ್ದ ಮುದ್ರೆಯ ಬಳಿಯೇ ಕೊರೆದಿರುತ್ತದೆ, ಇಲ್ಲದಿದ್ದರೆ ಅಳೆಸಬೇಕು.

ಚುನಾವಣೆ ಬಂದಾಗಲೆಲ್ಲ ಪರವಾನಗಿಯ ಕೋವಿಗಳನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯ ದಾಸ್ತಾನಿನಲ್ಲೋ ಠೇವಣಿ ಇಡುವಂತೆ ಆದೇಶ ಹೊರಡುವುದು ಈ ಜಿಲ್ಲೆಯ ರೈತರಿಗೆ ಚಿರಪರಿಚಿತ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿ ಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂತು, ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಮತದಾನ ಏಪ್ರಿಲ್ 26ರಂದು ಮುಗಿಯಿತು, ಆದರೆ ಎಣಿಕೆ ನಡೆದದ್ದು ಜೂನ್ 4ರಂದು. ಹೀಗೆ ಬೇಸಗೆಯ ಬೆವರುವ ಸೆಕೆಯ ತಿಂಗಳುಗಳಲ್ಲಿ ಯಾರೂ ಮುಟ್ಟದೆ ಸಾಲಾಗಿ ನಿಂತ ಕೋವಿಗಳು ಮನೆಗೆ ಮರಳುವ ಹೊತ್ತಿಗೆ ಮುಂಗಾರು ಶುರುವಾಗಿರುತ್ತದೆ, ಗದ್ದೆಯಲ್ಲಿ ಅವುಗಳ ಅಗತ್ಯವೂ ತುರ್ತಾಗಿರುತ್ತದೆ. ಠಾಣೆಗೆ ಒಯ್ಯುವ ಮುನ್ನ ನಳಿಗೆಯನ್ನು ಶುಚಿಗೊಳಿಸಿ ಒಳಗೂ ಹೊರಗೂ ತೆಳುವಾಗಿ ಗ್ರೀಸ್ ಹಚ್ಚಿ ಕೊಡುವುದು, ಒದ್ದೆ ಹೀರುವ ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಮುಚ್ಚಿ ಕೊಡದಿರುವುದು ಮುಖ್ಯ. ಮರಳಿ ಪಡೆದ ಮೇಲೆ ಆ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯುವುದು ಅಷ್ಟೇ ಮುಖ್ಯ, ಏಕೆಂದರೆ ನಳಿಗೆಯಲ್ಲಿ ಉಳಿದ ದಪ್ಪ ಗ್ರೀಸ್ ಕೂಡ ಮೊದಲ ಈಡಿಗೆ ಅಡ್ಡಿಯಾಗಿ ಒತ್ತಡವನ್ನು ಏರಿಸಬಲ್ಲದು. ಕಣಜದ ಹುಳುಗಳು ತೆರೆದ ನಳಿಗೆಯ ಬಾಯಲ್ಲಿ ಮಣ್ಣಿನ ಗೂಡು ಕಟ್ಟುವುದೂ ಉಂಟು. ಹಾಗಾಗಿ ಠೇವಣಿಯಿಂದ ಬಂದ ಕೋವಿಗೆ ತೋಟೆ ಸೇರಿಸುವ ಮೊದಲು ಒಂದು ತುದಿಯಿಂದ ಇನ್ನೊಂದು ತುದಿಯ ಬೆಳಕು ಕಾಣುತ್ತದೆಯೇ ಎಂದು ನೋಡಿಕೊಳ್ಳಬೇಕು.